ಡಚ್ ರಾಜಮನೆತನದ ವಂಶವೃಕ್ಷ: ಸಾಲಾಗಿ ಮೂವರು ರಾಣಿಯರು ಬಂದದ್ದು ಹೇಗೆ?

ನಾಣ್ಯಪೆಟ್ಟಿಗೆ:
ಹಳೆಯ ಡಚ್ ಗಿಲ್ಡರ್ ನಾಣ್ಯಗಳನ್ನು ಇಸವಿಯ ಕ್ರಮದಲ್ಲಿ ಜೋಡಿಸುತ್ತಿದ್ದೇನೆ. ಮೊದಲು ಮೂವರು ವಿಲೆಮರು, ಒಬ್ಬರ ಹಿಂದೆ ಒಬ್ಬರು. ಆಮೇಲೆ 1892ರ ನಾಣ್ಯದಲ್ಲಿ ಇದ್ದಕ್ಕಿದ್ದಂತೆ ಬೆನ್ನ ಮೇಲೆ ಕೂದಲು ಇಳಿಬಿಟ್ಟ ಚಿಕ್ಕ ಹುಡುಗಿ, ವಿಲ್ಹೆಲ್ಮಿನಾ. 1898ರ ಹೊತ್ತಿಗೆ ಅವಳ ತಲೆಯ ಮೇಲೆ ಕಿರೀಟಪಟ್ಟಿ ಬರುತ್ತದೆ, ಮುಂದೆ ಹೆಗಲಿಗೆ ತುಪ್ಪಳದ ನಿಲುವಂಗಿ, ಕೊನೆಕೊನೆಗೆ ಮುಖ ತುಂಬಿಕೊಂಡ ಗೃಹಿಣಿ. ಅವಳಾದ ಮೇಲೂ ರಾಣಿ (ಮಗಳು ಯುಲಿಯಾನಾ), ಆ ರಾಣಿಯಾದ ಮೇಲೂ ರಾಣಿ (ಮೊಮ್ಮಗಳು ಬಿಯಾಟ್ರಿಕ್ಸ್). ಗಂಡು ಮುಖ ಮತ್ತೆ ಕಾಣಿಸುವುದು 2014ರ ಯೂರೊ ನಾಣ್ಯದಲ್ಲಿ. ಒಬ್ಬ ದೊರೆಯ ಮುಖ ಬಲಕ್ಕೆ ತಿರುಗಿದ್ದರೆ ಮುಂದಿನವರ ಮುಖ ಎಡಕ್ಕೆ. ಈ ಪದ್ಧತಿಯನ್ನು ಅವರು ತಪ್ಪಿಸಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಗಂಡು ಸಂತಾನ 1890ರಲ್ಲೇ ಮುಗಿದಿದ್ದರೆ ಇವತ್ತಿನ ದೊರೆ ವಿಲೆಮ್-ಅಲೆಕ್ಸಾಂಡರ್ ‘ಆರೆಂಜ್-ನಸೌ’ ಮನೆತನದವರು ಹೇಗಾಗುತ್ತಾರೆ? ಸ್ಪೇನ್ ವಿರುದ್ಧ ಬಂಡೆದ್ದ ವಿಲೆಮ್‌ನ ನೇರ ವಂಶಸ್ಥರೇ ಇವರು? ಬಲ್ಲವರು ಬಿಡಿಸಿ ಹೇಳಿ.

ವಂಶಾವಳಿ ವ್ಯಸನಿ:
ಒಳ್ಳೆಯ ಎಳೆ ಹಿಡಿದಿದ್ದೀರಿ. ಆದರೆ ಗಂಡು ಸಂತಾನ ಮುಗಿದದ್ದು 1890ರಲ್ಲಿ ಮೊದಲ ಸಲವೇನಲ್ಲ. ಅದಕ್ಕೂ ಎಷ್ಟೋ ಮುಂಚೆ ಒಮ್ಮೆ ಮುಗಿದಿತ್ತು.

ಮೂಲಪುರುಷ ವಿಲೆಮ್ ಹುಟ್ಟಿದ್ದು 1533ರಲ್ಲಿ, ಇಂದಿನ ಜರ್ಮನಿಯ ಡಿಲೆನ್‌ಬುರ್ಗ್‌ನಲ್ಲಿ. ಹುಟ್ಟಿನಿಂದ ಅವನು ನಸೌ ಮಾತ್ರ. ‘ಆರೆಂಜ್’ ಬಂದದ್ದು 1544ರಲ್ಲಿ. ದಾಯಾದಿ ರೆನೆ ಮಕ್ಕಳಿಲ್ಲದೆ ತೀರಿಕೊಂಡಾಗ ಫ್ರಾನ್ಸಿನ ದಕ್ಷಿಣದ ಆರೆಂಜ್ ಸಂಸ್ಥಾನ ಹನ್ನೊಂದು ವರ್ಷದ ಈ ಹುಡುಗನ ಪಾಲಿಗೆ ಬಂತು. ಮುಂದೆ ನಾಲ್ಕು ಮದುವೆ, ಬಂಡಾಯ, ತಲೆಗೆ ಬಹುಮಾನ, ಕೊನೆಗೆ 1584ರ ಜುಲೈ 10ರಂದು ಡೆಲ್ಫ್ಟ್‌ನ ಮನೆಯಲ್ಲಿ ಬಾಲ್ತಸಾರ್ ಜೆರಾರ್‌ನ ಗುಂಡು. ಗುಂಡು ತಾಗಿದ ಗೋಡೆಯ ತೂತುಗಳನ್ನು ಇವತ್ತಿಗೂ ತೋರಿಸುತ್ತಾರೆ. ಅವನು ರಾಜನಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಅವನೂ ಅವನ ನಂತರದವರೂ ‘ಸ್ಟಾಟ್‌ಹೌಡರ್’ಗಳು, ಅಂದರೆ ಗಣರಾಜ್ಯದ ಪ್ರಾಂತ್ಯಗಳು ನೇಮಿಸಿಕೊಂಡ ಅಧಿಕಾರಿಗಳು.

ಅವನ ಮರಿಮಗ ಮೂರನೇ ವಿಲೆಮ್ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದ. 1702ರಲ್ಲಿ ಮಕ್ಕಳಿಲ್ಲದೆ ಸತ್ತ. ಅಲ್ಲಿಗೆ ಮೂಲಪುರುಷನ ಗಂಡು ಸಾಲು ಮುಗಿಯಿತು. ಆಗ ಮುಂದೆ ಬಂದದ್ದು ಮೂಲಪುರುಷನ ತಮ್ಮ ಯಾನ್‌ನ ಸಂತತಿ, ಫ್ರೀಸ್‌ಲಾಂಡ್‌ನ ಶಾಖೆ. ಯಾನ್, ಅವನ ಮಗ ಎರ್ನ್ಸ್ಟ್ ಕಾಸಿಮೀರ್, ಅವನ ಮಗ ವಿಲೆಮ್ ಫ್ರೆಡೆರಿಕ್, ಅವನ ಮಗ ಎರಡನೇ ಹೆಂಡ್ರಿಕ್ ಕಾಸಿಮೀರ್, ಅವನ ಮಗ ಯೋಹಾನ್ ವಿಲೆಮ್ ಫ್ರಿಸೊ. ಇವರಲ್ಲಿ ವಿಲೆಮ್ ಫ್ರೆಡೆರಿಕ್‌ನ ಹೆಂಡತಿ ಆಲ್ಬರ್ಟಿನ್ ಆಗ್ನೆಸ್ ಮೂಲಪುರುಷನ ಮೊಮ್ಮಗಳು. ಹಾಗಾಗಿ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಹೌದು, ವಂಶಸ್ಥರೇ, ಆದರೆ ಹೆಣ್ಣಿನ ಕಡೆಯಿಂದ. ಗಂಡು ಕಡೆಯಿಂದ ಬಂದದ್ದು ತಮ್ಮನ ರಕ್ತ.

ಈ ಫ್ರಿಸೊನ ಕಥೆ ಹೇಳಲೇಬೇಕು. ಆರೆಂಜ್ ಆಸ್ತಿಗೆ ಪ್ರಷ್ಯದ ದೊರೆಯೂ ಹಕ್ಕು ಹೂಡಿದ್ದ. ಅವನ ತಾಯಿಯೂ ಅದೇ ಮನೆಯ ಮಗಳು. ವ್ಯಾಜ್ಯ ಮುಗಿಸಲೆಂದು 1711ರ ಜುಲೈಯಲ್ಲಿ ಫ್ರಿಸೊ ಹೇಗ್‌ಗೆ ಹೊರಟ. ಮೂರ್‌ಡೈಕ್ ಬಳಿ ನದಿ ದಾಟಬೇಕು. ಮಳೆ ಸುರಿಯುತ್ತಿತ್ತು, ಆದ್ದರಿಂದ ದೋಣಿಯ ಮೇಲಿದ್ದ ಕುದುರೆಗಾಡಿಯಿಂದ ಇಳಿಯದೆ ಒಳಗೇ ಕೂತ. ಬಿರುಗಾಳಿಗೆ ದೋಣಿ ಮಗುಚಿತು, ಮುಳುಗಿ ಸತ್ತ. ವಯಸ್ಸು 23. ಹೆಂಡತಿ ತುಂಬು ಬಸುರಿ. ಸೆಪ್ಟೆಂಬರ್ 1ರಂದು ಗಂಡು ಮಗು ಹುಟ್ಟಿತು. ಆ ಮಗುವೇ ನಾಲ್ಕನೇ ವಿಲೆಮ್. ಅವನ ಮೊಮ್ಮಗ 1815ರಲ್ಲಿ ನೆದರ್ಲೆಂಡ್ಸ್‌ನ ರಾಜನಾದ ಮೊದಲನೇ ವಿಲೆಮ್. ಫ್ರಿಸೊನ ಮಗಳು ಅಮಾಲಿಯಾಳನ್ನು ಬಾಡೆನ್ ಮನೆತನಕ್ಕೆ ಕೊಟ್ಟಿದ್ದರು. ಆ ಇಬ್ಬರು ಮಕ್ಕಳ ಮೂಲಕ ಇಂದು ಯುರೋಪಿನಲ್ಲಿ ವಂಶಪಾರಂಪರ್ಯವಾಗಿ ಆಳುತ್ತಿರುವ ದೊರೆಗಳೆಲ್ಲ, ಬ್ರಿಟನ್‌ನಿಂದ ಮೊನಾಕೊ, ಲೀಖ್ಟನ್‌ಸ್ಟೈನ್‌ವರೆಗೆ, ಆ ಮುಳುಗಿದ ತರುಣನ ವಂಶಸ್ಥರೇ.

ನಾಣ್ಯಪೆಟ್ಟಿಗೆ:
ಹಾಗಾದರೆ ಆರೆಂಜ್ ಊರು ಈಗ ಯಾರದ್ದು?

ವಂಶಾವಳಿ ವ್ಯಸನಿ:
ಫ್ರಾನ್ಸಿನದ್ದು, 1713ರ ಉಟ್ರೆಕ್ಟ್ ಒಪ್ಪಂದದಿಂದಲೂ. ಇವರಿಗೆ ಉಳಿದದ್ದು ಬಿರುದು ಮಾತ್ರ, ಅದೂ ಪ್ರಷ್ಯದವರೊಂದಿಗೆ ಹಂಚಿಕೊಂಡು.

ಕರಾವಳಿಯವ:
1890ರ ವಿಷಯಕ್ಕೆ ಬನ್ನಿ. ಗಂಡು ಸಂತಾನವಿಲ್ಲದೆ ಹೆಣ್ಣುಮಗಳಿಂದ ಮನೆತನ ಮುಂದುವರಿದರೆ ಅದು ನಮ್ಮ ಕಡೆಯ ಅಳಿಯಸಂತಾನದಂತೆಯೇ ಆಯಿತಲ್ಲ?

ವಂಶಾವಳಿ ವ್ಯಸನಿ:
ಅಲ್ಲ ಸರ್. ಅಳಿಯಸಂತಾನದಲ್ಲಿ ಹಕ್ಕು ಸೋದರಮಾವನಿಂದ ಅಳಿಯನಿಗೆ. ಇಲ್ಲಿ ಮಗಳೇ ಗದ್ದುಗೆ ಏರುತ್ತಾಳೆ, ಅಳಿಯ ಮನೆಯಳಿಯನಾಗಿ ಬರುತ್ತಾನೆ. ಮೂರು ತಲೆಮಾರು ಸಾಲಾಗಿ ಮನೆಯಳಿಯಂದಿರು: ಮೆಕ್ಲೆನ್‌ಬುರ್ಗ್‌ನ ಹೆಂಡ್ರಿಕ್, ಲಿಪ್ಪೆಯ ಬರ್ನ್‌ಹಾರ್ಡ್, ಆಮ್ಸ್‌ಬರ್ಗ್‌ನ ಕ್ಲೌಸ್. ಮೂವರೂ ಜರ್ಮನಿಯವರು. ತಂದೆಯ ಕಡೆಯ ಲೆಕ್ಕ ಹಿಡಿದರೆ ಯುಲಿಯಾನಾ ಮೆಕ್ಲೆನ್‌ಬುರ್ಗ್, ಬಿಯಾಟ್ರಿಕ್ಸ್ ಲಿಪ್ಪೆ, ಈಗಿನ ದೊರೆ ಆಮ್ಸ್‌ಬರ್ಗ್. ಆದರೆ ಅಲ್ಲಿ ಆ ಲೆಕ್ಕ ನಡೆಯುವುದಿಲ್ಲ. ವಿಲ್ಹೆಲ್ಮಿನಾ 1908ರಲ್ಲೇ ಆಜ್ಞೆ ಹೊರಡಿಸಿ ತನ್ನ ಸಂತತಿಗೆ ಆರೆಂಜ್-ನಸೌ ಹೆಸರು ಉಳಿಯುವಂತೆ ಮಾಡಿದಳು. ಮನೆತನದ ಹೆಸರು ಉಳಿದದ್ದು ಕಾಗದದ ಬಲದಿಂದ.

ಇನ್ನು ಆ ಹುಡುಗಿ. ಮೂರನೇ ವಿಲೆಮ್ ರಾಜನಿಗೆ (ಇಂಗ್ಲೆಂಡಿನ ಮೂರನೇ ವಿಲೆಮ್ ಬೇರೆ, ಇವನು ಬೇರೆ) ಮೊದಲ ಹೆಂಡತಿ ಸೋಫಿಯಿಂದ ಮೂವರು ಗಂಡುಮಕ್ಕಳು. ನಡುವಿನವನು ಬಾಲ್ಯದಲ್ಲೇ ಹೋದ. ಹಿರಿಯನಿಗೆ ತಾನು ಮೆಚ್ಚಿದ ಹುಡುಗಿಯನ್ನು ಮದುವೆಯಾಗಲು ತಂದೆ ಬಿಡಲಿಲ್ಲ. ಅವನು ಪ್ಯಾರಿಸ್ ಸೇರಿ ಅಲ್ಲಿಯ ಮೋಜಿನಲ್ಲಿ ಕರಗಿ 1879ರಲ್ಲಿ ಸತ್ತ. ಅದೇ ವರ್ಷದ ಜನವರಿಯಲ್ಲಿ 61ರ ದೊರೆ 20ರ ಎಮ್ಮಾಳನ್ನು ಮದುವೆಯಾಗಿದ್ದ. 1880ರ ಆಗಸ್ಟ್ 31ರಂದು ವಿಲ್ಹೆಲ್ಮಿನಾ ಹುಟ್ಟಿದಳು. ಕಿರಿಯ ಮಗ ಅಲೆಕ್ಸಾಂಡರ್ ಮದುವೆಯಿಲ್ಲದೆ 1884ರಲ್ಲಿ ತೀರಿಕೊಂಡ. ಉಳಿದದ್ದು ಇನ್ನೂ ನಾಲ್ಕು ತುಂಬದ ಮಗು. 1890ರಲ್ಲಿ ತಂದೆ ಸತ್ತಾಗ ಅವಳಿಗೆ ಹತ್ತು ವರ್ಷ. 1898ರವರೆಗೆ ತಾಯಿ ಎಮ್ಮಾ ಅವಳ ಪರವಾಗಿ ರಾಜ್ಯ ನಡೆಸಿದಳು. ನನ್ನ ಮಟ್ಟಿಗೆ ಈ ಮನೆತನವನ್ನು ನಿಜವಾಗಿ ಉಳಿಸಿದ್ದು ಎಮ್ಮಾ. ಗಂಡನ ಒರಟುತನದಿಂದ ಜನರಿಗೆ ಅರಮನೆಯೆಂದರೆ ಮುಖ ಸಿಂಡರಿಸುವಂತಾಗಿತ್ತು. ಅವಳು ಮಗಳ ಕೈ ಹಿಡಿದು ಪ್ರಾಂತ್ಯ ಪ್ರಾಂತ್ಯ ಸುತ್ತಿದಳು.

ಲಕ್ಸೆಂಬರ್ಗ್ ಕೈತಪ್ಪಿದ್ದೂ ಆಗಲೇ. ಅಲ್ಲಿಯೂ ಡಚ್ ದೊರೆಯೇ ಗ್ರ್ಯಾಂಡ್ ಡ್ಯೂಕ್. ಆದರೆ 1783ರ ನಸೌ ಕುಟುಂಬ ಕರಾರಿನ ಪ್ರಕಾರ ಯಾವುದೇ ಶಾಖೆಯಲ್ಲಿ ಗಂಡು ಉಳಿದಿರುವತನಕ ಹೆಣ್ಣಿಗೆ ಹಕ್ಕಿಲ್ಲ. 1255ರಲ್ಲಿ ಬೇರೆಯಾದ ಇನ್ನೊಂದು ನಸೌ ಶಾಖೆಯ ಮುದುಕ ಅಡಾಲ್ಫ್ 73ನೇ ವಯಸ್ಸಿನಲ್ಲಿ ಹೊಸ ಗದ್ದುಗೆ ಹತ್ತಿದ. ತಮಾಷೆಯೆಂದರೆ ಈ ಅಡಾಲ್ಫ್ ಎಮ್ಮಾಳ ತಾಯಿಗೆ ಮಲ ಅಣ್ಣ. ಮಗಳ ಕೈತಪ್ಪಿದ್ದು ತಾಯಿಯ ಸೋದರಮಾವನ ಮನೆಗೇ ಹೋಯಿತು.

ಆಮ್‌ಸ್ಟೆಲ್ವೇನ್ ಕನ್ನಡತಿ:
ಇಲ್ಲಿ ವಾಸವಾಗಿರುವವಳಾಗಿ ಒಂದೆರಡು ಮಾತು. ಏಪ್ರಿಲ್ 27 ದೊರೆಯ ಹುಟ್ಟುಹಬ್ಬ, ಆ ದಿನ ಊರಿಗೆ ಊರೇ ಕಿತ್ತಳೆ ಬಣ್ಣ. ಮಕ್ಕಳು ಬೀದಿ ಬದಿಯಲ್ಲಿ ಹಾಸು ಹಾಕಿ ಹಳೆಯ ಆಟಿಕೆ, ಪುಸ್ತಕ ಮಾರುತ್ತಾರೆ. ನಮ್ಮ ಕನ್ನಡದ ಮನೆಗಳ ಮಕ್ಕಳೂ ಚೌಕಾಸಿ ಕಲಿಯುವುದು ಅಲ್ಲಿಯೇ. ಮೇಲೆ ಕಿತ್ತಳೆ ಬಣ್ಣದ ಸಕ್ಕರೆ ಹಚ್ಚಿದ ಟೊಂಪೂಸ್ ಎಂಬ ಕೆನೆ ತುಂಬಿದ ತಿನಿಸು ಅಂಗಡಿ ಅಂಗಡಿಯಲ್ಲಿ. ಕಚ್ಚಿದರೆ ಕೆನೆ ನಾಲ್ಕು ಕಡೆಯಿಂದ ಹೊರಗೆ ಬರುತ್ತದೆ; ಮರ್ಯಾದೆಯಿಂದ ತಿನ್ನುವ ಉಪಾಯ ಯಾರಿಗೂ ಗೊತ್ತಿಲ್ಲ.

ಈ ಹಬ್ಬದ ತಾರೀಖಿನಲ್ಲೂ ವಂಶಾವಳಿ ಅಡಗಿದೆ. ಮೊದಲು ಆಗಸ್ಟ್ 31 ಇತ್ತು, ವಿಲ್ಹೆಲ್ಮಿನಾ ಹುಟ್ಟಿದ ದಿನ. ಆಮೇಲೆ ಯುಲಿಯಾನಾ ಅವರ ಏಪ್ರಿಲ್ 30. ಬಿಯಾಟ್ರಿಕ್ಸ್ ಹುಟ್ಟಿದ್ದು ಜನವರಿ 31ರಂದು; ಆ ಚಳಿಯಲ್ಲಿ ಬೀದಿಗೆ ಯಾರು ಬರುತ್ತಾರೆ? ಅವರು ತಾಯಿಯ ತಾರೀಖನ್ನೇ ಇಟ್ಟುಕೊಂಡರು.

ಇನ್ನೊಂದು ವಿಷಯ: ಇಲ್ಲಿ ಪಟ್ಟಾಭಿಷೇಕವೇ ಇಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಹೊಸ ಚರ್ಚಿನಲ್ಲಿ ಸಂಸತ್ತಿನ ಎದುರು ಸಂವಿಧಾನಕ್ಕೆ ಪ್ರಮಾಣ ಮಾಡುತ್ತಾರೆ, ಅಷ್ಟೇ. ಕಿರೀಟ ಪಕ್ಕದ ಮೇಜಿನ ಮೇಲೆ ಇರುತ್ತದೆ, ಯಾರ ತಲೆಗೂ ಏರುವುದಿಲ್ಲ. 1840ರಲ್ಲಿ ಮಾಡಿಸಿದ್ದು, ಬೆಳ್ಳಿಗೆ ಚಿನ್ನದ ನೀರು ಕೊಟ್ಟದ್ದು. ಮುತ್ತುಗಳು ನಕಲಿ, ಹರಳುಗಳು ಬಣ್ಣದ ಗಾಜು. ಇಷ್ಟು ಶ್ರೀಮಂತ ದೇಶದ ಈ ಜಿಪುಣತನ ಕಂಡು ನನಗೆ ಪ್ರೀತಿ ಹುಟ್ಟಿತು.

ಪ್ರಜೆ ನಂ. 1:
ಗಾಜಿನ ಹರಳು ಕಂಡು ಕರಗಬೇಡಿ ಮೇಡಂ. ಮನೆ ಬಡವರದ್ದಲ್ಲ. 2023ರಲ್ಲಿ ಪ್ರಕಟವಾದ ಸರ್ಕಾರಿ ಸಂಶೋಧನೆಯ ಪ್ರಕಾರ 1675ರಿಂದ 1770ರ ನಡುವೆ ಆರೆಂಜ್ ಮನೆತನಕ್ಕೆ ವಸಾಹತುಗಳಿಂದ, ಗುಲಾಮಗಿರಿಯ ದುಡಿಮೆಯೂ ಸೇರಿ, ಬಂದ ಆದಾಯ ಇಂದಿನ ಬೆಲೆಯಲ್ಲಿ 54.5 ಕೋಟಿ ಯೂರೊ. ಅದೇ ವರ್ಷ ಜುಲೈ 1ರಂದು ದೊರೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಿಂತು ಕ್ಷಮೆ ಕೇಳಿದರು. ಅದಕ್ಕೆ ನಾನು ಗೌರವ ಕೊಡುತ್ತೇನೆ. ಆದರೆ ವಿಲ್ಹೆಲ್ಮಿನಾಗೆ ಕಾಣಿಕೆಯಾಗಿ ಬಂದ ಚಿನ್ನದ ಸಾರೋಟಿನ ಪಕ್ಕದಲ್ಲಿ ಕರಿಯರು, ಏಷ್ಯಾದವರು ಬಾಗಿ ಬಿಳಿಯ ರಾಣಿಗೆ ಕಪ್ಪ ಒಪ್ಪಿಸುವ ಚಿತ್ರವಿದೆ. 2015ರವರೆಗೂ ಅದರಲ್ಲೇ ಸಂಸತ್ತಿಗೆ ಹೋಗುತ್ತಿದ್ದರು. ಸದ್ಯಕ್ಕೆ ಅದನ್ನು ಬಳಸುವುದಿಲ್ಲವೆಂದು ದೊರೆ ಬಾಯಿಬಿಟ್ಟು ಹೇಳಿದ್ದು 2022ರಲ್ಲಿ.

ಮನೆಯಳಿಯ ಬರ್ನ್‌ಹಾರ್ಡ್ ವಿಷಯವನ್ನೂ ಯಾರೂ ಎತ್ತಲಿಲ್ಲ. ವಿಮಾನ ಕಂಪನಿ ಲಾಕ್‌ಹೀಡ್‌ನ ಲಂಚದ ಪ್ರಕರಣ 1976ರಲ್ಲಿ ಬಯಲಾಗಿ ಸೈನಿಕ ಸಮವಸ್ತ್ರ ಕಳಚಬೇಕಾಯಿತು. ಮದುವೆಯ ಹೊರಗೆ ಇಬ್ಬರು ಹೆಣ್ಣುಮಕ್ಕಳಿದ್ದರೆಂದು 2004ರಲ್ಲಿ ಸತ್ತ ಮೇಲೆ ಖಚಿತವಾಯಿತು. ತಾನು ನಾಜಿ ಪಕ್ಷದ ಸದಸ್ಯನೇ ಅಲ್ಲವೆಂದು ಬದುಕಿಡೀ ಹೇಳಿದರು. ಅವರದೇ ಕಾಗದಪತ್ರಗಳಲ್ಲಿ ಸದಸ್ಯತ್ವದ ಚೀಟಿ ಇದ್ದುದು 2023ರಲ್ಲಿ ಹೊರಬಂತು.

ಆಮ್‌ಸ್ಟೆಲ್ವೇನ್ ಕನ್ನಡತಿ:
ಇದಾವುದನ್ನೂ ಇಲ್ಲಿ ಯಾರೂ ಮುಚ್ಚಿಡುವುದಿಲ್ಲ, ಟೀವಿಯಲ್ಲಿ ಗಂಟೆಗಟ್ಟಲೆ ಚರ್ಚೆಯಾಗಿದೆ. ಮನೆಯಳಿಯರೆಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಡಿ. ಕ್ಲೌಸ್ ಅವರೂ ಹುಡುಗನಾಗಿದ್ದಾಗ ಜರ್ಮನ್ ಸೈನ್ಯದಲ್ಲಿದ್ದವರೇ. 1966ರಲ್ಲಿ ಅವರ ಮದುವೆಯ ಮೆರವಣಿಗೆಯ ಮೇಲೆ ಆಮ್‌ಸ್ಟರ್‌ಡ್ಯಾಮ್‌ನ ಯುವಕರು ಹೊಗೆ ಬಾಂಬು ಎಸೆದರು. ಅದೇ ಕ್ಲೌಸ್ ಕೊನೆಗೆ ಮನೆಯಲ್ಲೆಲ್ಲ ಹೆಚ್ಚು ಪ್ರೀತಿ ಗಳಿಸಿದವರಾದರು. 1998ರಲ್ಲಿ ಒಂದು ಸಮಾರಂಭದಲ್ಲಿ ಭಾಷಣದ ನಡುವೆ ಕೊರಳಿನ ಟೈ ಬಿಚ್ಚಿ ರಾಣಿಯ ಕಾಲ ಬುಡಕ್ಕೆ ಎಸೆದದ್ದನ್ನು ಹಿರಿಯರು ಇವತ್ತಿಗೂ ನಗುತ್ತ ಹೇಳುತ್ತಾರೆ.

ಕೊಚ್ಚಿ ದಾರಿ:
ಭಾರತಕ್ಕೂ ಇದರ ಕೊಂಡಿಯಿದೆ. 17ನೇ ಶತಮಾನದಲ್ಲಿ ನಮ್ಮ ಬಸರೂರಿನಲ್ಲಿ ಕೋಠಿ ಇಟ್ಟು ಅಕ್ಕಿ ಕೊಂಡದ್ದು ಡಚ್ ಕಂಪನಿ, ದೊರೆಗಳಲ್ಲ. ಆಗ ಅವರಿಗೆ ದೊರೆಯೇ ಇರಲಿಲ್ಲ. ಆದರೆ ಕೊಚ್ಚಿ ಅವರ ಕೈ ಬಿಟ್ಟುಹೋಗುವ ಹೊತ್ತಿಗೆ ಮನೆತನದ ಹೆಸರು ನೇರವಾಗಿ ಬರುತ್ತದೆ. 1795ರ ಜನವರಿಯಲ್ಲಿ ಫ್ರೆಂಚ್ ಸೈನ್ಯ ನುಗ್ಗಿದಾಗ ಆಗಿನ ಸ್ಟಾಟ್‌ಹೌಡರ್ ಐದನೇ ವಿಲೆಮ್ ಸ್ಕೆವೆನಿಂಗೆನ್ ಕಡಲ ದಂಡೆಯಿಂದ ಮೀನುಗಾರರ ದೋಣಿ ಹತ್ತಿ ಇಂಗ್ಲೆಂಡಿಗೆ ಓಡಿದ. ಲಂಡನ್ ಬಳಿಯ ಕ್ಯೂ ಅರಮನೆಯಲ್ಲಿ ಕುಳಿತು ಡಚ್ ವಸಾಹತುಗಳ ಗವರ್ನರುಗಳಿಗೆಲ್ಲ ಪತ್ರ ಬರೆದ: ಫ್ರೆಂಚರ ಪಾಲಾಗುವುದಕ್ಕಿಂತ ಬ್ರಿಟಿಷರ ಕೈಗೆ ಒಪ್ಪಿಸಿ ಎಂದು. ಕೊಚ್ಚಿಯ ಗವರ್ನರ್ ಸುಲಭಕ್ಕೆ ಬಗ್ಗಲಿಲ್ಲ. ಆದರೂ ಅಕ್ಟೋಬರ್‌ನಲ್ಲಿ ಕೋಟೆ ಬ್ರಿಟಿಷರದ್ದಾಯಿತು. 2019ರಲ್ಲಿ ವಿಲೆಮ್-ಅಲೆಕ್ಸಾಂಡರ್, ಮಾಕ್ಸಿಮಾ ದಂಪತಿ ಅದೇ ಕೊಚ್ಚಿಗೆ ಬಂದು ಮಟ್ಟಾಂಚೇರಿಯ ಅರಮನೆ ನೋಡಿಹೋದರು.

ನಾಣ್ಯಪೆಟ್ಟಿಗೆ:
ಚೆನ್ನಾಗಿದೆ. ಈಗಿನ ಕುಟುಂಬದಲ್ಲಿ ಯಾರು ಯಾರಿದ್ದಾರೆ? ಒಂದು ಕಡೆ ಹತ್ತು ಜನ ಎನ್ನುತ್ತಾರೆ, ಇನ್ನೊಂದು ಕಡೆ ಮೂವತ್ತು ಮುಖಗಳ ಚಿತ್ರ ಹಾಕುತ್ತಾರೆ.

ವಿಧಿ-ನಿಯಮ:
ಎರಡೂ ಸರಿ, ಏಕೆಂದರೆ ‘ರಾಜಕುಟುಂಬ’ ಬೇರೆ, ‘ರಾಜಗೃಹ’ ಬೇರೆ. ಕುಟುಂಬ ಎಂದರೆ ನೆಂಟರಿಷ್ಟರೆಲ್ಲ. ರಾಜಗೃಹದ ಸದಸ್ಯತ್ವ ಕಾನೂನಿನಿಂದ ಬರುವುದು, 2002ರ ಕಾಯಿದೆ ಅದನ್ನು ಬಿಗಿ ಮಾಡಿತು. ಸದ್ಯ ಹತ್ತೇ ಜನ: ದೊರೆ, ರಾಣಿ ಮಾಕ್ಸಿಮಾ, ಮೂವರು ಹೆಣ್ಣುಮಕ್ಕಳಾದ ಅಮಾಲಿಯಾ (2003), ಅಲೆಕ್ಸಿಯಾ (2005), ಅರಿಯಾನೆ (2007), 2013ರಲ್ಲಿ ಮಗನಿಗೆ ಗದ್ದುಗೆ ಬಿಟ್ಟುಕೊಟ್ಟ ಬಿಯಾಟ್ರಿಕ್ಸ್, ದೊರೆಯ ತಮ್ಮ ಕಾನ್‌ಸ್ಟಂಟೈನ್, ಅವರ ಹೆಂಡತಿ ಲೊರೆಂಟಿನ್, ದೊರೆಯ ಚಿಕ್ಕಮ್ಮ ಮಾರ್ಗ್ರೀಟ್, ಅವರ ಗಂಡ ಪೀಟರ್ ಫಾನ್ ಫೊಲ್ಲೆನ್‌ಹೋವೆನ್.

ಹಕ್ಕುದಾರರ ಪಟ್ಟಿ ಇನ್ನೊಂದು. ಅದರಲ್ಲಿ ಎಂಟು ಜನ: ಮೂವರು ಹೆಣ್ಣುಮಕ್ಕಳು, ಕಾನ್‌ಸ್ಟಂಟೈನ್, ಅವರ ಮಕ್ಕಳಾದ ಎಲೊಯಿಸ್, ಕ್ಲೌಸ್-ಕಾಸಿಮೀರ್, ಲೆಯೊನೋರೆ, ಕೊನೆಯಲ್ಲಿ ಮಾರ್ಗ್ರೀಟ್. ಕಾನ್‌ಸ್ಟಂಟೈನ್ ಮಕ್ಕಳು ರಾಜಗೃಹದ ಸದಸ್ಯರಲ್ಲ, ಆದರೆ ಹಕ್ಕುದಾರರು! 1983ರ ಸಂವಿಧಾನ ಗಂಡು ಹೆಣ್ಣೆಂಬ ಭೇದ ಅಳಿಸಿ ಹಿರಿತನ ಒಂದನ್ನೇ ಇಟ್ಟುಕೊಂಡಿತು. ಆಗ ಬಿಯಾಟ್ರಿಕ್ಸ್‌ಗೆ ಇದ್ದದ್ದು ಮೂವರೂ ಗಂಡುಮಕ್ಕಳು. ಈಗಿನ ದೊರೆಗೆ ಮೂವರೂ ಹೆಣ್ಣುಮಕ್ಕಳು. ಎರಡು ಕಡೆಯೂ ಹೊಸ ನಿಯಮಕ್ಕೆ ಕೆಲಸವೇ ಸಿಗಲಿಲ್ಲ. ಅದು ಕಣ್ಣಿಗೆ ಕಾಣುವುದು ಒಂದೇ ಜಾಗದಲ್ಲಿ: ಅಕ್ಕ ಎಲೊಯಿಸ್ ತಮ್ಮ ಕ್ಲೌಸ್-ಕಾಸಿಮೀರ್‌ಗಿಂತ ಮುಂದೆ ನಿಂತಿದ್ದಾಳೆ.

ಕರಾವಳಿಯವ:
ಯುಲಿಯಾನಾ ಅವರಿಗೆ ನಾಲ್ಕು ಹೆಣ್ಣುಮಕ್ಕಳಲ್ಲವೇ? ಬಿಯಾಟ್ರಿಕ್ಸ್, ಮಾರ್ಗ್ರೀಟ್ ಸರಿ. ಉಳಿದಿಬ್ಬರ ಕಡೆಯವರು ಪಟ್ಟಿಯಲ್ಲಿ ಏಕಿಲ್ಲ?

ವಿಧಿ-ನಿಯಮ:
ಮದುವೆ. ಹಕ್ಕುದಾರರು ಮದುವೆಯಾಗಲು ಸಂಸತ್ತು ಕಾಯಿದೆ ಮಾಡಿ ಒಪ್ಪಿಗೆ ಕೊಡಬೇಕು. ಇಲ್ಲದಿದ್ದರೆ ಮದುವೆ ಊರ್ಜಿತ, ಹಕ್ಕು ಹೋಗುತ್ತದೆ. ಇರೇನೆ 1964ರಲ್ಲಿ ಸ್ಪೇನಿನ ಸಿಂಹಾಸನಕ್ಕೆ ಹಕ್ಕು ಹೂಡಿದ್ದ ಬೂರ್ಬೊನ್-ಪಾರ್ಮಾ ಮನೆತನದ ಕಾರ್ಲೊಸ್ ಹ್ಯೂಗೊ ಅವರನ್ನು ರೋಮ್‌ನಲ್ಲಿ ಮದುವೆಯಾದರು. ಅದಕ್ಕೆ ಮೊದಲೇ ಕ್ಯಾಥೊಲಿಕ್ ಆಗಿದ್ದರು. ಸ್ಪೇನಿನ ರಾಜಕೀಯದಲ್ಲಿ ಸಿಕ್ಕಿಕೊಳ್ಳಲು ಸರ್ಕಾರಕ್ಕೆ ಮನಸ್ಸಿರಲಿಲ್ಲ, ಒಪ್ಪಿಗೆಯ ಪ್ರಶ್ನೆಯೇ ಬರಲಿಲ್ಲ. ತಂದೆತಾಯಿಯೂ ಮದುವೆಗೆ ಹೋಗಲಿಲ್ಲ. ಕಿರಿಯಳು ಕ್ರಿಸ್ಟಿನಾ 1975ರಲ್ಲಿ ಒಪ್ಪಿಗೆ ಕೇಳದೆ ಮದುವೆಯಾದರು, 2019ರಲ್ಲಿ ತೀರಿಕೊಂಡರು.

ದೊರೆಯ ನಡುವಿನ ತಮ್ಮ ಫ್ರಿಸೊ ಅವರದ್ದೂ ಇದೇ ಕಥೆ. ಮದುವೆಯಾಗಬೇಕಿದ್ದ ಮಾಬೆಲ್ ಅವರ ಹಳೆಯ ಪರಿಚಯವೊಂದರ ಬಗ್ಗೆ ಪೂರ್ತಿ ಮಾಹಿತಿ ಕೊಟ್ಟಿಲ್ಲವೆಂದು ಆಗಿನ ಪ್ರಧಾನಿ ಬಾಲ್ಕೆನೆಂಡೆ ಸಂಸತ್ತಿಗೆ ಮಸೂದೆ ಒಯ್ಯಲಿಲ್ಲ. 2004ರಲ್ಲಿ ಮದುವೆ ನಡೆಯಿತು, ಹಕ್ಕು ಹೋಯಿತು. 2012ರಲ್ಲಿ ಆಸ್ಟ್ರಿಯಾದ ಲೆಖ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪ್ರಜ್ಞೆ ಮರಳದೆ ಮುಂದಿನ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು. ಮಾಕ್ಸಿಮಾಗೆ ಒಪ್ಪಿಗೆ ಸಿಕ್ಕಿತು, ಆದರೆ ಅರ್ಜೆಂಟೀನಾದ ಸೈನಿಕ ಸರ್ಕಾರದಲ್ಲಿ ಕೃಷಿ ಖಾತೆ ನೋಡಿಕೊಂಡಿದ್ದ ಅವರ ತಂದೆ 2002ರ ಮದುವೆಗೆ ಬರುವಂತಿರಲಿಲ್ಲ.

ಪ್ರಜೆ ನಂ. 1:
ಅಂದರೆ ಮನೆತನದಲ್ಲಿ ಯಾರಿರಬೇಕು, ಯಾರಿರಬಾರದು ಎಂದು ಹೇಳುವುದು ಸಂಸತ್ತು. ಇದನ್ನು ರಾಜವಂಶ ಎನ್ನುವುದಕ್ಕಿಂತ ಸರ್ಕಾರಿ ಹುದ್ದೆ ಎಂದರೆ ಸರಿ.

ವಂಶಾವಳಿ ವ್ಯಸನಿ:
ಸ್ಟಾಟ್‌ಹೌಡರ್ ಕಾಲದಿಂದಲೂ ಹಾಗೇ ಅಲ್ಲವೇ? ವಿಲ್ಹೆಲ್ಮಿನಾಗೆ ಬಹಳ ಕಾಲ ಮಕ್ಕಳಾಗಲಿಲ್ಲ, ಗರ್ಭ ನಿಲ್ಲುತ್ತಿರಲಿಲ್ಲ. ಅವಳ ನಂತರದ ಹಕ್ಕುದಾರ ಯಾರು ಗೊತ್ತೇ? ಸೋದರತ್ತೆಯ ಮೊಮ್ಮಗ, ಜರ್ಮನಿಯ ಸಾಕ್ಸ್-ವೈಮರ್‌ನ ದೊರೆ. 1909ರಲ್ಲಿ ಯುಲಿಯಾನಾ ಹುಟ್ಟಿದಾಗ ದೇಶ ನಿಟ್ಟುಸಿರು ಬಿಟ್ಟಿತು. 1922ರಲ್ಲಿ ಸಂವಿಧಾನ ತಿದ್ದಿ ದೂರದ ಜರ್ಮನ್ ನೆಂಟರ ದಾರಿಯನ್ನೇ ಮುಚ್ಚಿದರು. ಮಾರ್ಗ್ರೀಟ್ ಹುಟ್ಟಿದ್ದೂ ಕಾನೂನಿನ ಕೈಚಳಕದಲ್ಲೇ. ಯುದ್ಧದ ಕಾಲ, ಯುಲಿಯಾನಾ ಮಕ್ಕಳೊಂದಿಗೆ ಕೆನಡಾದಲ್ಲಿದ್ದರು. ಅಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆಯಾಗುತ್ತಿತ್ತು. ಹೆರಿಗೆಯ ಜಾಗ ಆ ಹೊತ್ತಿಗೆ ಕೆನಡಾದ ವ್ಯಾಪ್ತಿಯಲ್ಲಿಲ್ಲವೆಂದು ಅಲ್ಲಿಯ ಸರ್ಕಾರ ಘೋಷಣೆ ಹೊರಡಿಸಿತು. 1943ರ ಜನವರಿ 19ರಂದು ಒಟ್ಟಾವದ ಆಸ್ಪತ್ರೆಯಲ್ಲಿ ಹುಟ್ಟಿದ ಮಗು ಹೀಗೆ ಬರಿಯ ಡಚ್ ಪ್ರಜೆಯಾಯಿತು. ಆ ಋಣಕ್ಕೆ ಇವತ್ತಿಗೂ ವರ್ಷ ವರ್ಷ ಒಟ್ಟಾವಕ್ಕೆ ಟ್ಯೂಲಿಪ್ ಗೆಡ್ಡೆಗಳು ಹೋಗುತ್ತವೆ.

ನಾಣ್ಯಪೆಟ್ಟಿಗೆ:
ಕೊನೆಯ ಪ್ರಶ್ನೆ. ಅಮಾಲಿಯಾ ರಾಣಿಯಾದರೆ ಈ ಎಂಟು ಜನರ ಪಟ್ಟಿ ಹೇಗಾಗುತ್ತದೆ?

ವಿಧಿ-ನಿಯಮ:
ಕುಗ್ಗುತ್ತದೆ. ಗದ್ದುಗೆಯಲ್ಲಿ ಇರುವವರಿಂದ ಮೂರನೇ ಹಂತದ ರಕ್ತಸಂಬಂಧದವರೆಗೆ ಮಾತ್ರ ಹಕ್ಕು. ಎಣಿಸುವುದು ಹೀಗೆ: ಇಬ್ಬರಿಗೂ ಸಾಮಾನ್ಯರಾದ ಹಿರಿಯರವರೆಗೆ ಮೇಲೆ ಹತ್ತಿ, ಅಲ್ಲಿಂದ ಕೆಳಗಿಳಿಯಬೇಕು. ಚಿಕ್ಕಮ್ಮ ಮೂರನೇ ಹಂತ. ಅದಕ್ಕೇ ಮಾರ್ಗ್ರೀಟ್ ಈಗ ಉಳಿದಿದ್ದಾರೆ, ಅವರ ನಾಲ್ವರು ಗಂಡುಮಕ್ಕಳು ಉಳಿದಿಲ್ಲ. ಅಮಾಲಿಯಾಗೆ ಮಾರ್ಗ್ರೀಟ್ ಅಜ್ಜಿಯ ತಂಗಿ, ನಾಲ್ಕನೇ ಹಂತ. ಚಿಕ್ಕಪ್ಪನ ಮಕ್ಕಳಾದ ಎಲೊಯಿಸ್, ಕ್ಲೌಸ್-ಕಾಸಿಮೀರ್, ಲೆಯೊನೋರೆ ಕೂಡ ನಾಲ್ಕನೇ ಹಂತ. ಈ ನಾಲ್ವರೂ ಹೊರಗೆ. ಉಳಿಯುವವರು ಅಲೆಕ್ಸಿಯಾ, ಅರಿಯಾನೆ, ಕಾನ್‌ಸ್ಟಂಟೈನ್. ಅಷ್ಟರಲ್ಲಿ ಅಮಾಲಿಯಾಗೋ ತಂಗಿಯರಿಗೋ ಮಕ್ಕಳಾಗಿದ್ದರೆ ಅವರೂ.

ಆಮ್‌ಸ್ಟೆಲ್ವೇನ್ ಕನ್ನಡತಿ:
ಅಮಾಲಿಯಾ ಮದುವೆಯ ವಿಷಯದಲ್ಲಿ ಒಂದು ಸೇರಿಸಿ. ಉತ್ತರಾಧಿಕಾರಿ ತನ್ನದೇ ಲಿಂಗದವರನ್ನು ಮದುವೆಯಾದರೂ ಗದ್ದುಗೆ ಬಿಡಬೇಕಾಗಿಲ್ಲವೆಂದು ಪ್ರಧಾನಿಯಾಗಿದ್ದ ಮಾರ್ಕ್ ರುಟ್ಟೆ 2021ರಲ್ಲಿ ಸಂಸತ್ತಿಗೆ ಬರೆದು ತಿಳಿಸಿದರು. ಅಂಥ ಮದುವೆಯ ಮಕ್ಕಳಿಗೆ ಹಕ್ಕು ಹೇಗೆ ಎಂಬುದನ್ನು ಮಾತ್ರ ಸಂದರ್ಭ ಬಂದಾಗ ನೋಡಿಕೊಳ್ಳೋಣ ಎಂದು ಬಿಟ್ಟರು.

ವಿಧಿ-ನಿಯಮ:
ಸಂವಿಧಾನದಲ್ಲಿ ಇರುವುದು ‘ನ್ಯಾಯಸಮ್ಮತ ಸಂತತಿ’ ಎಂಬ ಮಾತು. ಅದರ ಅರ್ಥವನ್ನು ಹಿಗ್ಗಿಸಬೇಕೋ ಬೇಡವೋ ಎಂಬುದನ್ನೂ ಸಂಸತ್ತೇ ತೀರ್ಮಾನಿಸಬೇಕು.